ಕಪಿಲನ ಕಾಲಿಗೆ ತಾಗಿದ ಕಲ್ಲು

ನನ್ನ ತಮ್ಮ ಕಪಿಲನನ್ನು ಬೈಯುವ ಹಕ್ಕು ನನಗೊಬ್ಬಳಿಗೇ ಇದೆ. ಊರವರು ಬೈದರೆ ಕೇಳಿಸಿಕೊಂಡು ಸುಮ್ಮನಿರುವವಳಲ್ಲ ಈ ಕರುಣಾ. ನನ್ನನ್ನು ಕೊಟ್ಟಿದ್ದು ಇದೇ ರಾವೂರಿನಲ್ಲೇ, ತವರಿಗೂ ನನ್ನ ಮನೆಗೂ ನಡುವೆ ಎರಡು ಓಣಿ ಅಷ್ಟೇ. ಅಂಗನವಾಡಿಯಲ್ಲಿ ಮಕ್ಕಳನ್ನು ಸಂಭಾಳಿಸಿ ಸಂಭಾಳಿಸಿ ನನ್ನ ಗಂಟಲೂ ದೊಡ್ಡದಾಗಿದೆ. ಹಾಗಾಗಿ ಅವನ ಕಥೆಯನ್ನು ನಾನೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಲ್ಲಿ ಅದು ಈಗಾಗಲೇ ಎರಡು ಸಲ ಕೆಟ್ಟಿದೆ. ಮೊದಲು ನಗುವ ಕಥೆಯಾಯಿತು, ಆಮೇಲೆ ಉಗುಳುವ ಕಥೆಯಾಯಿತು.

ನಮ್ಮಪ್ಪ ರಾಮಲಿಂಗ ಖಣಿಯಲ್ಲಿ ಫರಸಿ ಕಲ್ಲು ಎಬ್ಬಿಸುವ ಕೂಲಿ. ಅವನು ಉಳಿಯಿಟ್ಟು ಎಬ್ಬಿಸಿದ ಹಾಸುಗಲ್ಲಿನ ಅಂಚು ಒಡೆಯುತ್ತಿರಲಿಲ್ಲವಂತೆ. ಕೈ ಅಷ್ಟು ಚಂದ, ಕುಡಿತವೂ ಅಷ್ಟೇ ಜೋರು. ಸಂಜೆ ಯಾರದೋ ಹೆಗಲ ಮೇಲೆ ಮನೆಗೆ ಬರುತ್ತಿದ್ದ. ಮೊಣಕಾಲು ತರಚಿರುತ್ತಿತ್ತು, ಹೆಬ್ಬೆರಳು ಒಡೆದಿರುತ್ತಿತ್ತು. ಅವ್ವ ಸಾಬಮ್ಮ ಕೇಳಿದರೆ ಒಂದೇ ಉತ್ತರ: "ಖಣಿದಾಗ ಕಲ್ಲು ಬಡೀತು." ಅವ್ವ ಬೈಯುತ್ತ ಬೈಯುತ್ತಲೇ ಎಣ್ಣೆ ಬಿಸಿ ಮಾಡಿ, ಅರಿಶಿನ ಕಲಸಿ, ಅವನ ಕಾಲಿಗೆ ಹಚ್ಚುತ್ತಿದ್ದಳು. ನಾನೂ ಕಪಿಲನೂ ಗೋಡೆಗೆ ಒರಗಿ ಕುಳಿತು ನೋಡುತ್ತಿದ್ದೆವು. ಕೊನೆಗೊಂದು ಮಳೆಗಾಲದಲ್ಲಿ ಅಪ್ಪ ಖಣಿಯಲ್ಲಿ ನಿಂತ ನೀರಿಗೆ ಬಿದ್ದು ಹೋದ. ಅವತ್ತು ಮಾತ್ರ ಕಲ್ಲು ಬಡೀತು ಎಂದು ಹೇಳಲು ಅವನಿರಲಿಲ್ಲ.

ಕಪಿಲ ಶಾಲೆ ಬಿಟ್ಟ. ಶಹಾಬಾದಿನ ಗುಲಾಮ ದಸ್ತಗೀರ ಎಂಬವರ ಲಾರಿಯಲ್ಲಿ ಕ್ಲೀನರಾಗಿ ಸೇರಿ, ಅವರ ಕೈಯಲ್ಲೇ ಸ್ಟಿಯರಿಂಗ್ ಕಲಿತ. ಲೈಸೆನ್ಸ್ ಸಿಕ್ಕ ದಿನ ಅದನ್ನು ಅವ್ವನ ಕೈಯಲ್ಲಿಟ್ಟು ಕಾಲಿಗೆ ಬಿದ್ದಿದ್ದ. ಓದು ಬಾರದ ಅವ್ವ ಕಾರ್ಡಿನ ಮೇಲಿನ ಫೋಟೊವನ್ನು ಸೆರಗಿನಿಂದ ಒರೆಸಿ, "ನಮ್ಮ ಮನ್ಯಾಗ ಸರ್ಕಾರ ನಂಬಿದ ಮೊದಲನೇ ಮನಷಾ ನೀನೇ ನೋಡು" ಎಂದಳು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಅಂದಿನಿಂದ ಅವನ ಬದುಕೆಲ್ಲ ರಸ್ತೆಯ ಮೇಲೆ. ರಾವೂರಿನ ಕಲ್ಲನ್ನು ಚಿತ್ತಾಪುರ, ಸೇಡಂ, ಚಿಂಚೋಳಿಗೆ ಹಾಕುವುದು, ಗಡಿ ದಾಟಿ ತಾಂಡೂರಿನ ಪಾಲಿಶ್ ಕಾರ್ಖಾನೆಗಳಿಗೆ ಒಯ್ಯುವುದು. ನಮ್ಮ ಕೇರಿಯಲ್ಲಿ ಬುದ್ಧ ವಿಹಾರ ಕಟ್ಟಿದಾಗ ನೆಲದ ಕಲ್ಲನ್ನೆಲ್ಲ ಬಾಡಿಗೆಯಿಲ್ಲದೆ ತಂದು ಇಳಿಸಿದವನು ಅವನೇ. ಭಾನುವಾರ ಅಲ್ಲಿ ಪಂಚಶೀಲ ಹೇಳಿಕೊಡುವವನೂ ಅವನೇ. ಅವನು ಮುಂದೆ ಹೇಳುತ್ತಾನೆ, ನಾವು ಹಿಂದಿನಿಂದ ಹೇಳುತ್ತೇವೆ. ಐದನೆಯ ಶೀಲ ಬಂತೆಂದರೆ, ಅಂದರೆ ಅಮಲಿನ ಪದಾರ್ಥ ಮುಟ್ಟುವುದಿಲ್ಲ ಎನ್ನುವುದು, ಅವನ ದನಿ ಏರುತ್ತಿತ್ತು. ಗಂಡಸರು ಕೆಲವರು ಅತ್ತಿತ್ತ ನೋಡುತ್ತಿದ್ದರು. ಅವ್ವ ಮಾತ್ರ ಹೆಂಗಸರ ಸಾಲಿನ ಮುಂದೆ ಕಣ್ಣು ಮುಚ್ಚಿಕೊಂಡು, ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದಳು.

ಹೋದ ವರ್ಷ ವಾಡಿಯ ಒಂದು ಶಾಲೆಯಲ್ಲಿ ಬಸ್ ಡ್ರೈವರ್ ಕೆಲಸ ಖಾಲಿಯಾಯಿತು. ಅದೇ ಶಾಲೆಯಲ್ಲಿ ಕಪಿಲನ ಮಗಳು ಲುಂಬಿನಿ ಓದುವುದು. ಲಾರಿ ಬದುಕಿನಿಂದ ಸಾಕಾಗಿದ್ದವನಿಗೆ ಅದೇ ಸ್ವರ್ಗ. ಬೆಳಗ್ಗೆ ಮಕ್ಕಳನ್ನು ಬಿಟ್ಟರೆ, ಸಂಜೆ ಕರೆತಂದರೆ, ಇರುಳು ಮನೆಯ ಊಟ. ಶಾಲೆಯ ಸೆಕ್ರೆಟರಿ ಕಾಶೀನಾಥ ಮಾಸ್ತರರು, "ಅಸಲಿ ಲೈಸೆನ್ಸ್ ತೊಗೊಂಡು ಬಾ, ನೌಕರಿ ನಿಂದೇ" ಎಂದಿದ್ದರು. ಲುಂಬಿನಿ ಆಗಲೇ ಗೆಳತಿಯರಿಗೆಲ್ಲ, ಬಸ್ಸಿನ ಮುಂದಿನ ಸೀಟು ನನ್ನದೇ ಎಂದು ಸಾರಿಬಿಟ್ಟಿದ್ದಳು.

ಅಸಲಿ ಲೈಸೆನ್ಸ್ ಎಲ್ಲಿ ಎಂದರೆ ಕಪಿಲ, "ಕಳದದ" ಎಂದ. ಫೋನಿನಲ್ಲಿ ಅದರ ಫೋಟೊ ಇಟ್ಟುಕೊಂಡು ಓಡಾಡುತ್ತಿದ್ದನಂತೆ. ಹಾಗಾದರೆ ಕಲಬುರಗಿಗೆ ಹೋಗಿ ಇನ್ನೊಂದು ಕಾರ್ಡು ತೆಗೆಸೋಣ ಎಂದು ನಾನೇ ಹೊರಟೆ. ಆಫೀಸು ಎಂದರೆ ಅವನು ಹಿಂಜರಿಯುತ್ತಾನೆ, ನನಗೆ ಆ ಸಂಕೋಚ ಇಲ್ಲ. ಮೊದಲು ಬೇಡ ಎಂದ, ಆಮೇಲೆ ಬಾ ಎಂದ.

ಆರ್‌ಟಿಓ ಆಫೀಸಿನ ಕಿಟಕಿಯಲ್ಲಿ ಕನ್ನಡಕದ ಮೇಡಂ ಒಬ್ಬರು ಕುಳಿತಿದ್ದರು. ನಮ್ಮ ಹಿಂದೆ ಉದ್ದನೆಯ ಸಾಲು.

"ಕಾರ್ಡು ಎಲ್ಲಿ ಕಳ್ಕೊಂಡ್ರಿ?"

"ವಾಡಿ ಸ್ಟೇಷನ್ ಕಡಿ ಎಲ್ಲೋ ಬಿದ್ದದ್ರಿ ಮೇಡಂ," ಎಂದ ಕಪಿಲ.

ಮೇಡಂ ನಂಬರು ಒತ್ತಿದರು, ಪರದೆ ನೋಡಿದರು, ಮತ್ತೆ ಕಪಿಲನನ್ನು ನೋಡಿದರು. "ಎಲ್ಲೂ ಬಿದ್ದಿಲ್ಲಣ್ಣಾ. ನಿಮ್ಮ ಕಾರ್ಡು ನಮ್ಮ ಹತ್ರನೇ ಅದ. ತಾಂಡೂರದಿಂದ ಬಂದದ."

ನಾನು, "ತಾಂಡೂರದಿಂದ ಯಾಕ ಬರ್ತದ್ರಿ?" ಎಂದೆ.

"ಕುಡ್ದು ಗಾಡಿ ಹೊಡ್ದ ಕೇಸಿನಾಗ ಅಲ್ಲಿ ಕೋರ್ಟು ಶಿಕ್ಷೆ ಕೊಟ್ಟದ. ದಂಡ ಕಟ್ಯಾರ. ಆರು ತಿಂಗಳು ಗಾಡಿ ಮುಟ್ಟಬಾರ್ದು ಅಂತ ಆರ್ಡರ್ ಆಗ್ಯಾದ. ಅದು ಇನ್ನೂ ಮುಗದಿಲ್ಲ."

ಸಾಲಿನಲ್ಲಿದ್ದವರ ಗುಜುಗುಜು ನಿಂತುಹೋಯಿತು. ನಾನೇ ಕುಡಿದು ಬಂದು ನಿಂತವಳ ಹಾಗೆ ತಲೆ ತಗ್ಗಿಸಿದೆ.

"ಮೇಡಂ, ಅದು ಆಂಧ್ರದ ಕೇಸು," ಎಂದ ಕಪಿಲ ಸಣ್ಣ ದನಿಯಲ್ಲಿ. ರಾಜ್ಯ ಒಡೆದು ಎಷ್ಟೋ ವರ್ಷವಾದರೂ ನಮ್ಮ ಕಡೆಯವರ ಬಾಯಲ್ಲಿ ಗಡಿಯಾಚೆ ಇರುವುದೆಲ್ಲ ಇನ್ನೂ ಆಂಧ್ರವೇ.

"ಅದು ಈಗ ತೆಲಂಗಾಣ," ಎಂದರು ಮೇಡಂ. "ಯಾವುದಾದ್ರೂ ಆಗ್ಲಿ. ಇಲ್ಲಿ ಕೊಟ್ಟ ಕಾರ್ಡು ತಾಂಡೂರದಾಗ ಗಾಡಿ ಹೊಡೀಲಿಕ್ಕ ನಡೀತದೋ ಇಲ್ಲೋ? ಹಂಗೇ ತಾಂಡೂರದ ಶಿಕ್ಷಾನೂ ಇಲ್ಲಿ ನಡೀತದ. ದೇಶಕ್ಕೆಲ್ಲಾ ಒಂದೇ ಕಂಪ್ಯೂಟರು. ಈ ಆರು ತಿಂಗಳದಾಗ ಗಾಡಿ ಹೊಡ್ದು ಸಿಕ್ರಿ ಅಂದ್ರ ಅದು ಇನ್ನೊಂದು ಗುನ್ನೆ, ತಿಳ್ಕೋರ್ರಿ. ಮುಂದಿನವರು ಬರ್ರಿ."

ತೋಳು ಹಿಡಿದು ಅವನನ್ನು ಹೊರಗೆ ಎಳೆದು ತಂದೆ. ಗೇಟಿನ ಹತ್ತಿರ ಚಹಾದ ಬಂಡಿ. ಅಲ್ಲೇ ನಿಲ್ಲಿಸಿ ಕೇಳಿದೆ: "ಏ ಕಪ್ಯಾ, ಕುಡ್ದಿಯೇನೋ ನೀನು? ಅಪ್ಪನ ಹಾಂಗ?"

ಅವನು ತನ್ನ ಕಾಲು ನೋಡಿಕೊಂಡ. ಬಲಗಾಲಿನ ಹೆಬ್ಬೆರಳಿನ ಉಗುರು ಕಪ್ಪಗಾಗಿತ್ತು. ಅದು ಹಾಗಾಗಿ ಬಹಳ ದಿನವಾಗಿತ್ತು, ನಾವು ಯಾರೂ ಕೇಳಿರಲಿಲ್ಲ. ಆ ಉಗುರನ್ನೇ ನೋಡುತ್ತ ನಿಧಾನವಾಗಿ ಹೇಳತೊಡಗಿದ.

"ಅವತ್ತ ತಾಂಡೂರ ದಾಟಿ ಬರಾಕತ್ತಿದ್ದೆ ಅಕ್ಕ. ಪೊಲೀಸರು ಕೈ ಮಾಡಿದ್ರು. ಗಾಡಿ ಇಳಿಯಾಕ ಹೋಗಿ ರಸ್ತಾದ ಕಲ್ಲಿಗಿ ಕಾಲು ಬಡೀತು. ರಗತ ಬಂತು. ಅದೇ ಟೈಮಿಗಿ ಪೊಲೀಸಪ್ಪ ಬಂದು 'ಕಲ್ಲು ತಾಗಾವಾ?' ಅಂತ ಕೇಳ್ದ. ನಾ ಏನ್ ತಿಳ್ಕೊಂಡೆ, ಕಾಲಿಗಿ ಕಲ್ಲು ತಾಗ್ಯಾವೇನು ಅಂತ ಕೇಳಾಕತ್ತಾನ, ಪಾಪ, ಛಲೋ ಮನಷಾ ಅಂತ. 'ಹೌದ್ರಿ ಸಾಹೇಬ್ರ, ಭಾಳ ಜೋರ್ ತಾಗ್ಯಾವ' ಅಂದೆ. ಕೋರ್ಟಿನಾಗೂ ಅದನ್ನೇ ಕೇಳಿದ್ರು. ಅಲ್ಲೂ ಹೌದ್ರಿ ಅಂದೆ. ಆಮ್ಯಾಲ ತಿಳೀತು, ತೆಲುಗಿನಾಗ ಕಲ್ಲು ಅಂದ್ರ ನಮ್ಮ ಸೇಂದಿ, ಈಚಲ ಹೆಂಡ. ತಾಗಾವಾ ಅಂದ್ರ ಕುಡದಿಯೇನು ಅಂತ."

ಒಂದು ಗಳಿಗೆ ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ಬಂತು ನೋಡಿ, ಬಂಡಿಯ ಕೋಲು ಹಿಡಿದುಕೊಂಡು ನಕ್ಕೆ. ಚಹಾದವನೂ ನಕ್ಕ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಅದು ನಗುವಿನ ನೀರಲ್ಲ, ನನ್ನ ತಮ್ಮ ಕುಡಿದಿಲ್ಲ ಎನ್ನುವ ಸಮಾಧಾನದ ನೀರು. "ಹುಚ್ಚಪ್ಪಾ, ಕಲ್ಲಿನ ಊರಾಗ ಹುಟ್ಟಿ ಕಲ್ಲಿನಿಂದಲೇ ಕೆಟ್ಟೆಲ್ಲೋ" ಎಂದು ಅವನ ತಲೆ ಸವರಿದೆ. ಕಪಿಲನೂ ನಕ್ಕ.

ಮನೆಗೆ ಬಂದು ನಾನೇ ಎಲ್ಲರಿಗೂ ಹೇಳಿದೆ. ಕಪಿಲನ ಹೆಂಡತಿ ಸುಮಂಗಲಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವ್ವ ನಗಲಿಲ್ಲ. "ರಗತ ಬಂದಿತ್ತೇನೋ? ಇಷ್ಟು ದಿನ ಯಾಕ ಹೇಳ್ಲಿಲ್ಲ?" ಎಂದು ಅವನ ಕಾಲನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ಉಗುರಿನ ಕಪ್ಪು ನೋಡಿ ಚ್ಚು ಚ್ಚು ಎಂದಳು. ಆ ಸಂಜೆಯಿಂದ ದಿನಾ ಬಿಸಿ ಎಣ್ಣೆ, ಅರಿಶಿನ. ಕಪಿಲ ಬೇಡ ಎಂದು ಕಾಲು ಎಳೆದುಕೊಳ್ಳುತ್ತಿದ್ದ. ಅವ್ವ ಬಿಡುತ್ತಿರಲಿಲ್ಲ. "ನಿಮ್ಮಪ್ಪನ ಕಾಲಿಗಿ ಹಚ್ಚುಮುಂದ ಸಿಟ್ಟು ಬರ್ತಿತ್ತು. ಖರೆ ಖರೆ ಕಲ್ಲು ಬಡದ ಕಾಲಿಗಿ ಹಚ್ಚಾಕ ಏನ್ ತಕಲೀಫ್?" ಎನ್ನುತ್ತಿದ್ದಳು. ಎಣ್ಣೆ ಹಚ್ಚುವಷ್ಟು ಹೊತ್ತೂ ಕಪಿಲ ಗೋಡೆಯ ಕಡೆಗೆ ಮುಖ ಮಾಡಿ ಕುಳಿತಿರುತ್ತಿದ್ದ.

ಕಥೆ ಊರು ಬಿಟ್ಟು ಓಡಿತು. ಚಿತ್ತಾಪುರದ ಸಂತೆಗೆ ಹೋದವರು ಅಲ್ಲಿ ಹೇಳಿದರು, ಕೋಡ್ಲಾದ ಸಿಮೆಂಟ್ ಕಾರ್ಖಾನೆಯ ಮುಂದೆ ಸಾಲು ಹಚ್ಚಿ ನಿಲ್ಲುವ ಡ್ರೈವರುಗಳು ಹೇಳಿಕೊಂಡರು, ಚಿಂಚೋಳಿ ಕಡೆಯ ಐನಾಪುರದಿಂದ ಬಂದ ನಮ್ಮ ಬೀಗರು ಅದನ್ನೇ ನಮಗೆ ತಿರುಗಿ ಹೇಳಿದರು. ದಾರಿಯಲ್ಲಿ ಸಿಕ್ಕವರೆಲ್ಲ, "ಏನ್ ಕಪಿಲಣ್ಣ, ಕಲ್ಲು ತಾಗ್ಯಾವೇನು?" ಎಂದು ಕೇಳುತ್ತಿದ್ದರು. ಲುಂಬಿನಿ ಶಾಲೆಯಲ್ಲಿ ಪೊಲೀಸನ ದನಿ, ಅಪ್ಪನ ದನಿ ಎರಡನ್ನೂ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದಳು. ಅವತ್ತು ಕಪಿಲ ಊಟ ಬಿಟ್ಟು ಎದ್ದ. ಲಾರಿ ಬಿಟ್ಟಿರಬೇಕಾದ ಚಿಂತೆ ಎಂದು ನಾವು ತಿಳಿದುಕೊಂಡೆವು.

ಕಾಶೀನಾಥ ಮಾಸ್ತರರೂ ಕೇಳಿ ನಕ್ಕರು. ನಕ್ಕು ಮುಗಿದ ಮೇಲೆ ಗಂಭೀರವಾಗಿ ಹೇಳಿದರು: "ನೋಡಪ್ಪ, ಮಕ್ಕಳ ಬಸ್ಸು. ಕುಡ್ದು ಶಿಕ್ಷಾ ಆದವನ ಕೈಯಾಗ ನಾ ಕೊಡಂಗಿಲ್ಲ. ಆದ್ರ ಇದು ಭಾಷಾದ ಗಡಿಬಿಡಿ. ಮ್ಯಾಲಿನ ಕೋರ್ಟಿಗಿ ಹೋಗಿ ತೊಳ್ಕೊಂಡು ಬಾ. ಅಲ್ಲಿತನಕ ಜಾಗ ಹಿಡದಿಡ್ತೀನಿ."

ಚಿತ್ತಾಪುರದ ವಕೀಲ ಸುರೇಶಕುಮಾರ ನಮ್ಮ ಸಮಾಜದ ಹುಡುಗ, ಉತ್ಸಾಹಿ. ಕಥೆ ಕೇಳಿ ಕುರ್ಚಿಯಿಂದ ಎದ್ದೇ ಬಿಟ್ಟ. "ತಿಳಿಯದ ಭಾಷಾದಾಗ ಒಪ್ಕೊಂಡದ್ದು ಒಪ್ಪಿಗೇನೇ ಅಲ್ಲ ಅಕ್ಕಾರೆ! ಬಡವ, ದಲಿತ, ಭಾಷಾ ಬರಂಗಿಲ್ಲ ಅಂತ ಹಿಂಗ ಮಾಡಿಬಿಡೋದೇನು? ನಾ ಬಿಡಂಗಿಲ್ಲ. ಫೀಸು ಗೀಸು ಮಾತು ಎತ್ತಬ್ಯಾಡ್ರಿ." ಕಪಿಲನ ಕಡೆ ತಿರುಗಿ, "ನೀವು ಪ್ರಮಾಣ ಮಾಡಿ ಒಂದು ಹೇಳಿಕೆ ಕೊಡ್ರಿ ಸಾಕು. ನನಗ ತೆಲುಗು ಬರಂಗಿಲ್ಲ, ನಾ ಕುಡದಿದ್ದಿಲ್ಲ ಅಂತ. ಮಷೀನ್ ಊದಿಸಿದ್ರೇನು?" ಎಂದ.

"ಊದಿಸಿದ್ರು. ಏನ್ ಬಂತೋ ತಿಳೀಲಿಲ್ಲ," ಎಂದ ಕಪಿಲ.

"ಅದನ್ನೂ ಪ್ರಶ್ನಾ ಮಾಡೋಣ."

ಸುರೇಶಕುಮಾರ ಭಾನುವಾರ ವಿಹಾರಕ್ಕೆ ಬರುವುದು, ಪ್ರಾರ್ಥನೆ ಮುಗಿದ ಮೇಲೆ ಸಹಿ ಮಾಡಿಸಿಕೊಂಡು ಹೋಗುವುದು ಎಂದಾಯಿತು. ಬಾಬಾಸಾಹೇಬರ ಫೋಟೊದ ಮುಂದೆಯೇ ಸಹಿ ಆಗಲಿ ಎಂದು ಅವ್ವನ ಆಸೆ.

ಅದಕ್ಕೆ ಮೂರು ನಾಲ್ಕು ದಿನ ಮುಂಚಿನ ಮಾತು. ನಾನು ಮಧ್ಯಾಹ್ನ ಒಂದು ತಟ್ಟೆಯಲ್ಲಿ ಹುರಿದ ಶೇಂಗಾ ಇಟ್ಟುಕೊಂಡು ತವರಿಗೆ ಹೋದೆ. ಕಪಿಲ ಹಿತ್ತಲಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ತೆಲುಗಿನಲ್ಲಿ. ನೀರು ಹರಿದ ಹಾಗೆ ಮಾತಾಡುತ್ತಿದ್ದ. ನನಗೆ ತಿಳಿದದ್ದು ಅಲ್ಲೊಂದು ಇಲ್ಲೊಂದು ಮಾತು: ಎಷ್ಟು ಕಲ್ಲು ಒಡೆದವು, ಯಾರ ಮಗಳ ಮದುವೆ ಯಾವಾಗ, ಯಾರೋ ಹೇಳಿದ ಚೇಷ್ಟೆಗೆ ಇವನದೊಂದು ಮರುಚೇಷ್ಟೆ. ತಾಂಡೂರಿನ ಯಾರೋ ವ್ಯಾಪಾರಿ ಇರಬೇಕು.

ನಾನು ತಟ್ಟೆ ಹಿಡಿದುಕೊಂಡು ಹಾಗೇ ನಿಂತೆ. ಎಲಾ ಇವನ! ಕ್ಲೀನರಾಗಿದ್ದಾಗಿನಿಂದ ತಾಂಡೂರಿಗೆ ಕಲ್ಲು ಇಳಿಸಿ ಬರುವವನು. ನನ್ನ ಮಕ್ಕಳಿಗೆ ತೆಲುಗಿನಲ್ಲಿ ಎಣಿಸಲು ಕಲಿಸಿದವನೇ ಇವನು. ಇಷ್ಟು ದಿನ ಇದು ನನ್ನ ತಲೆಗೆ ಹೊಳೆಯಲಿಲ್ಲವಲ್ಲ! ಕಥೆ ಅಷ್ಟು ಚೆನ್ನಾಗಿತ್ತು, ಅದಕ್ಕೇ ನಾವ್ಯಾರೂ ಅದರೊಳಗೆ ಕೈ ಹಾಕಿ ನೋಡಲಿಲ್ಲ.

ಅವನು ಫೋನಿಟ್ಟು ತಿರುಗಿದ. ನನ್ನನ್ನು ನೋಡಿ ಬಣ್ಣಗೆಟ್ಟ.

"ಏ ಕಪ್ಯಾ," ಎಂದೆ, "ತೆಲುಗಿನಾಗ ಸೇಂದಿಗಿ ಏನಂತಾರೋ?"

ಅವನು ಒಗೆಯುವ ಕಲ್ಲಿನ ಮೇಲೆ ಕುಸಿದು ಕುಳಿತ.

"ಹೇಳೋ! ನಿನಗ ಗೊತ್ತಿದ್ದಿಲ್ಲೇನು?"

"ಗೊತ್ತಿತ್ತು ಅಕ್ಕ."

ಶೇಂಗಾದ ತಟ್ಟೆ ಕೆಳಗಿಟ್ಟು ಅವನ ಬೆನ್ನಿಗೆ ಎರಡು ಗುದ್ದಿದೆ. ಅವನು ತಡೆಯಲಿಲ್ಲ. ಮೂರನೆಯದಕ್ಕೆ ನನ್ನ ಕೈಯೇ ಏಳಲಿಲ್ಲ.

ಅವನು ತಲೆ ಎತ್ತದೆ ಎಲ್ಲ ಹೇಳಿದ. ಬೇಸಗೆಯಲ್ಲಿ ಕಲ್ಲು ಇಳಿಸಿದ ಮೇಲೆ ಹಮಾಲರ ಜೊತೆ ಮರದ ಕೆಳಗೆ ಕೂರುತ್ತಿದ್ದನಂತೆ. ನಮ್ಮ ಕಡೆ ಸೇಂದಿ ಬಂದ್ ಆಗಿ ಯಾವ ಕಾಲವಾಯಿತೋ, ಆ ಕಡೆ ರಸ್ತೆಯ ಬದಿಯಲ್ಲೇ ಸಿಗುತ್ತದೆ. "ಅದು ಶೆರೆ ಅಲ್ಲ ಅಕ್ಕ, ಮರದ ನೀರು, ಮೈ ತಂಪು ಆಗ್ತದ ಅಂತ ನನಗ ನಾನೇ ಹೇಳ್ಕೊಂಡೆ. ಶೀಲ ಮುರಿದಂಗ ಆಗಂಗಿಲ್ಲ ಅಂದ್ಕೊಂಡೆ. ಗಡಿ ಆಚಿ ಕುಡದದ್ದು ಗಡಿ ಒಳಗ ಬರೋದ್ರಾಗ ಇಳೀತಿತ್ತು. ಆಂಧ್ರದ್ದು ಆಂಧ್ರದಾಗೇ ಉಳೀತು ಅಂತ ಸ್ನಾನ ಮಾಡಿ ವಿಹಾರಕ್ಕ ಬರ್ತಿದ್ದೆ. ಕೇಸು ಆದಾಗ ದಸ್ತಗೀರ ಸಾಹೇಬ್ರೂ ಅದನ್ನೇ ಅಂದ್ರು. ಆಂಧ್ರದ ಕೇಸು ಆಂಧ್ರದಾಗೇ ಖತಂ, ನೀ ಈ ಕಡಿ ಗಾಡಿ ಹೊಡಿ ಅಂತ."

ಆಗ ನೆನಪಾಯಿತು. ಕೆಲವು ತಿಂಗಳಿಂದ ಇವನು ತಾಂಡೂರಿನ ಟ್ರಿಪ್ಪು ಒಪ್ಪುತ್ತಿರಲಿಲ್ಲ. ಆ ರಸ್ತೆ ಬೇಸರಾಗಿದೆ ಎನ್ನುತ್ತಿದ್ದ. ಸೇಡಂ, ಚಿಂಚೋಳಿ ಕಡೆಗೇ ಓಡಾಡುತ್ತಿದ್ದ. ಓಡಾಡಿದ್ದೆಲ್ಲ ಗುನ್ನೆ.

"ಮತ್ತ ಕಾಲಿಗಿ ಕಲ್ಲು ಬಡದದ್ದು?"

"ಅದು ಖರೆ. ಇಳಿಯುಮುಂದ ತೂಕ ತಪ್ಪಿತು." ಕಪ್ಪು ಉಗುರನ್ನು ಒತ್ತಿ ನೋಡಿಕೊಂಡು, "ಕುಡ್ದಿದ್ದೆನಲ್ಲ, ಅದಕ್ಕ," ಎಂದ.

ನನಗೆ ಅಸಹ್ಯವೂ ಆಯಿತು, ಅವನ ಮೇಲೆ ಕನಿಕರವೂ ಬಂತು. ಇಡೀ ಕೇರಿಯ ಮುಂದೆ ನಿಂತು ಐದನೆಯ ಶೀಲ ಹೇಳಿಕೊಡುತ್ತಿದ್ದನಲ್ಲ, ಆಗೆಲ್ಲ ಇವನೊಳಗೆ ಏನು ನಡೆಯುತ್ತಿತ್ತೋ. ಕುಡಿಯುವ ಗಂಡಸರು ತಲೆ ತಗ್ಗಿಸುತ್ತಿದ್ದರು, ಇವನು ತಲೆ ಎತ್ತಿಕೊಂಡಿರುತ್ತಿದ್ದ. ಅದನ್ನೇ ಕೇಳಿದೆ. "ದನಿ ಏರಿಸ್ತಿದ್ದೆ ಅಕ್ಕ. ದನಿ ಏರ್ಸಿದ್ರ ಒಳಗಿಂದು ಕೇಳಂಗಿಲ್ಲ," ಎಂದ.

"ಭಾನುವಾರ ಸಹಿ ಹಾಕ್ತಿ?"

"ಹಾಕಿದ್ರ ಲೈಸೆನ್ಸ್ ಬಂದ್ರೂ ಬರಬಹುದು, ಶಾಲಿ ಬಸ್ಸೂ ಸಿಗಬಹುದು. ಹಾಕ್ಲಿಲ್ಲಂದ್ರ ಎಲ್ಲಾ ಹೋಗ್ತದ. ಅವ್ವಗ ಗೊತ್ತಾಗ್ತದ." ಒಗೆಯುವ ಕಲ್ಲನ್ನು ಉಗುರಿನಿಂದ ಕೆರೆದ. "ನೌಕರಿ ಹೋದ್ರ ಹೋಗ್ಲಿ ಅಕ್ಕ. ಅವ್ವಗ ಹೆಂಗ ಹೇಳ್ಲಿ? ದಿನಾ ನನ್ನ ಕಾಲು ಹಿಡೀತಾಳ."

"ನಾ ಹೇಳಂಗಿಲ್ಲ," ಎಂದೆ. "ಸುಳ್ಳು ನಿಂದು, ಬಾಯಿ ನಿಂದು. ನೀ ಏನ್ ಮಾಡ್ತಿಯೋ ಮಾಡು. ಆದ್ರ ಆ ಸಹಿ ಹಾಕಿ ಮಕ್ಕಳ ಬಸ್ಸು ಹೊಡದಿ ಅಂದ್ರ ನಾ ನಿನ್ನ ಅಕ್ಕ ಅಲ್ಲ."

ಹಾಗೆ ಹೇಳಿ ಬಂದೆನೇ ಹೊರತು, ಆ ದಿನಗಳಲ್ಲಿ ನನಗೂ ಅನ್ನ ರುಚಿಸಲಿಲ್ಲ. ಅಂಗನವಾಡಿಯಲ್ಲಿ ಒಂದು ಮಗು ಬೆಲ್ಲ ಕದ್ದು ಇಲ್ಲ ಎಂದಾಗ ಬೈಯಲು ಬಾಯಿ ಬರಲಿಲ್ಲ.

ಭಾನುವಾರ ವಿಹಾರ ತುಂಬಿತ್ತು. ಸುರೇಶಕುಮಾರ ಬಿಳಿ ಅಂಗಿ ಹಾಕಿಕೊಂಡು, ಕಂಕುಳಲ್ಲಿ ಚೀಲ ಹಿಡಿದು ಬಂದಿದ್ದ. ಶಹಾಬಾದಿನಿಂದ ದಸ್ತಗೀರರೂ ಬಂದು ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದರು. ಅವರದೊಂದು ಹೇಳಿಕೆ ಬೇಕಾಗಬಹುದು ಎಂದು ವಕೀಲ ಕರೆಸಿದ್ದ. ಅವ್ವ ಪೆಟ್ಟಿಗೆಯಿಂದ ತೆಗೆದ ಬಿಳಿ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಅವಳ ಪಕ್ಕ ಸುಮಂಗಲಾ, ಲುಂಬಿನಿ. ನಾನು ಹಿಂದೆ ಕಂಬಕ್ಕೆ ಒರಗಿದ್ದೆ.

ಕಪಿಲ ಮೋಂಬತ್ತಿ ಹಚ್ಚಿ ಮುಂದೆ ನಿಂತ. ಮೊದಲನೆಯ ಶೀಲ ಹೇಳಿದ, ನಾವು ಹೇಳಿದೆವು. ಎರಡನೆಯದು, ಮೂರನೆಯದು. ನಾಲ್ಕನೆಯದು, ಸುಳ್ಳಾಡುವುದಿಲ್ಲ ಎನ್ನುವುದು, ಅಲ್ಲಿಗೆ ಬಂದಾಗ ಅವನ ದನಿ ಒಡೆಯಿತು. ಹೇಗೋ ಮುಗಿಸಿದ. ಐದನೆಯದಕ್ಕೆ ನಿಂತುಬಿಟ್ಟ.

ಎಲ್ಲರೂ ಕೈಮುಗಿದುಕೊಂಡು ಕಾಯುತ್ತಿದ್ದೆವು. ಪಾಪ, ಅವ್ವ ಅವನು ಮರೆತಿದ್ದಾನೆ ಎಂದುಕೊಂಡಳು. ಕಣ್ಣು ಮುಚ್ಚಿಕೊಂಡೇ ಐದನೆಯ ಶೀಲದ ಮೊದಲ ಪದ ಎತ್ತಿಕೊಟ್ಟಳು. ಅವನು ಹಿಡಿಯಲಿಲ್ಲ. ಮತ್ತೊಮ್ಮೆ, ಸ್ವಲ್ಪ ಗಟ್ಟಿಯಾಗಿ ಎತ್ತಿಕೊಟ್ಟಳು.

"ನನ್ನ ಬಾಯಾಗ ಅದು ಬರಂಗಿಲ್ಲ ಅವ್ವ," ಎಂದ ಕಪಿಲ.

ಅವ್ವ ಕಣ್ಣು ತೆರೆದಳು.

"ಪೊಲೀಸಪ್ಪ ಕೇಳಿದ್ದು ನನಗ ತಿಳಿದಿತ್ತು. ನಾ ಕುಡದಿದ್ದೆ. ಅವತ್ತ ಒಂದಿನ ಅಲ್ಲ, ಹೋದಾಗೆಲ್ಲಾ ಕುಡೀತಿದ್ದೆ. ಕೋರ್ಟಿನವರು ಆರು ತಿಂಗಳು ಗಾಡಿ ಮುಟ್ಟಬ್ಯಾಡ ಅಂದ್ರು, ಅದೂ ತಿಳಿದಿತ್ತು. ತಿಳಿದೂ ಈ ಕಡಿ ಹೊಡದೆ. ನೀವೆಲ್ಲಾ ನಕ್ಕ ಕಥಿ ನಾ ಆರ್‌ಟಿಓ ಆಫೀಸಿನ ಮುಂದ ನಿಂತು ಹೆಣದದ್ದು." ಕೈ ಜೋಡಿಸಿದ. "ಇನ್ನ ಮುಂದ ಇಲ್ಲಿ ನಿಂತು ಹೇಳಿಕೊಡೋ ಯೋಗ್ಯತಾ ನನಗಿಲ್ಲ. ಮಾಫ್ ಮಾಡ್ರಿ."

ಹಿಂದಿನ ಸಾಲಿನಲ್ಲಿ ಯಾರೋ ಥೂ ಎಂದರು. ಇನ್ಯಾರೋ ಕಿಸಕ್ಕನೆ ನಕ್ಕರು. ಥೂ ಎಂದವನನ್ನು ನಾನು ತಿರುಗಿ ನೋಡಿದೆ, ಅವನು ಸುಮ್ಮನಾದ. ಲುಂಬಿನಿ ಮುಖ ಮುಚ್ಚಿಕೊಂಡು ಸುಮಂಗಲಾಳ ತೊಡೆಯಲ್ಲಿ ಬಿದ್ದಿದ್ದಳು. ಶಾಲೆಯಲ್ಲಿ ಆ ಕಥೆಯನ್ನು ಅಭಿನಯಿಸಿ ತೋರಿಸಿದ್ದ ಕೂಸು ಅದು. ನಾಳೆ ಅಲ್ಲಿಗೆ ಹೇಗೆ ಹೋದೀತು?

ಸುರೇಶಕುಮಾರನಿಗೆ ಸಿಟ್ಟು ನೆತ್ತಿಗೇರಿತ್ತು. ಹೊರಗೆ ಬಂದು, "ನನ್ನ ಮುಂದರ ಖರೆ ಹೇಳಬಾರ್ದಿತ್ತೇನ್ರಿ? ನನ್ನ ಕೈಲೇ ಸುಳ್ಳು ಬರಸಾಕತ್ತಿದ್ರೆಲ್ಲ!" ಎಂದು ಚೀಲದ ಜಿಪ್ಪು ಎಳೆದ. ಹೊರಡುವ ಮೊದಲು ವಕೀಲನಾಗಿ ಹೇಳಬೇಕಾದ್ದನ್ನು ಹೇಳಿದ: "ಇನ್ನ ಗಾಡಿ ಮುಟ್ಟಬ್ಯಾಡ್ರಿ. ಅವಧಿ ಮುಗದ ಮ್ಯಾಲೂ ಕಾರ್ಡು ತಾನಾಗೇ ಬರಂಗಿಲ್ಲ. ಡ್ರೈವಿಂಗ್ ತರಬೇತಿ ಮತ್ತೊಮ್ಮೆ ಮುಗಿಸಿ ಈಸ್ಕೋಬೇಕು. ಆ ಶಿಕ್ಷಾ ಮಾತ್ರ ನಿಮ್ಮ ಹೆಸರಿನಾಗ ಇರ್ತದ, ಯಾವ ರಾಜ್ಯಕ್ಕ ಹೋದ್ರೂ." ಕಪಿಲ ಇನ್ನೂ ಜೇಬಿನಲ್ಲೇ ಇದ್ದ ಲಾರಿಯ ಬೀಗದ ಕೈ ತೆಗೆದು ದಸ್ತಗೀರರ ಅಂಗೈಯಲ್ಲಿಟ್ಟ. ಅವರು, "ನನ್ನದೂ ಗಲತಿ ಅದ ಕಪಿಲ," ಎಂದು ಅವನ ಭುಜ ಮುಟ್ಟಿ ಹೋದರು. ಕಾಶೀನಾಥ ಮಾಸ್ತರರಿಗೆ ಅವನೇ ಫೋನು ಮಾಡಿ ಹೇಳಿದ. ಆ ಕಡೆಯಿಂದ ಏನು ಬಂತೋ, ಇವನು "ಹೌದ್ರಿ, ಹೌದ್ರಿ" ಎಂದಷ್ಟೇ ಅಂದು ಇಟ್ಟ. ಬಸ್ಸು ಬೇರೆಯವರಿಗೆ ಹೋಯಿತು.

ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಳಲೂ ಇಲ್ಲ. ಬಿಳಿ ಸೀರೆ ಮಡಚಿ ಪೆಟ್ಟಿಗೆಯಲ್ಲಿಟ್ಟಳು, ಜೋಳ ಹಸನು ಮಾಡಿದಳು, ಎಮ್ಮೆಗೆ ನೀರು ಕುಡಿಸಿದಳು. ಕಪಿಲ ಗೋಡೆಗೆ ಒರಗಿ ಕುಳಿತವನು ಕುಳಿತೇ ಇದ್ದ. ನನಗೆ ನನ್ನ ಮನೆಗೆ ಹೋಗಲು ಮನಸ್ಸಾಗದೆ ಅಲ್ಲೇ ಉಳಿದೆ.

ಸಂಜೆ ದೀಪ ಹಚ್ಚುವ ಹೊತ್ತು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಕೈಯಲ್ಲಿ ಎಣ್ಣೆಯ ಬಟ್ಟಲು. ದಿನಾ ತರುವ ರೂಢಿ, ಕೈ ತಾನಾಗಿ ತಂದಿತ್ತೋ ಏನೋ. ಕಪಿಲನ ಎದುರಿಗೆ ಕುಳಿತಳು, ಅವನ ಬಲಗಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು, ಬೆರಳನ್ನು ಎಣ್ಣೆಯಲ್ಲಿ ಅದ್ದಿದಳು. ಕಪಿಲ ಕಾಲು ಎಳೆದುಕೊಳ್ಳಲೂ ಇಲ್ಲ, ಗೋಡೆಯ ಕಡೆ ತಿರುಗಲೂ ಇಲ್ಲ. ಅವಳ ಮುಖವನ್ನೇ ನೋಡುತ್ತಿದ್ದ.

ಅವ್ವನ ಕೈ ಅರ್ಧಕ್ಕೆ ನಿಂತಿತು. ಆ ಕಪ್ಪು ಉಗುರನ್ನು ಬಹಳ ಹೊತ್ತು ನೋಡಿದಳು.

"ಹಂಗಾದ್ರ ಕಪಿಲ," ಎಂದಳು, "ಇಷ್ಟು ದಿನ ನಾ ಯಾರ ಕಾಲಿಗಿ ಎಣ್ಣಿ ಹಚ್ಚೀನಿ?"

ಉತ್ತರ ನಮ್ಮ ಮೂವರಿಗೂ ಗೊತ್ತಿತ್ತು. ಅವ್ವ ಕಾಲನ್ನು ಮೆಲ್ಲಗೆ ನೆಲದ ಮೇಲಿಟ್ಟು, ಬೆರಳಿನ ಎಣ್ಣೆಯನ್ನು ತನ್ನ ಸೆರಗಿಗೆ ಒರೆಸಿಕೊಂಡು, ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದಳು.